ಚಂದ್ರನ ಮೇಲೆ ಹೋಗುವವರಿಗೆ ಆ ದಪ್ಪ ಅಂಗಿ ಯಾಕೆ ಬೇಕು?

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಯಲ್ಲಿ ನಾನು ಚಂದ್ರನ ಮೇಲೆ ಇಳಿದವರು ಹಾಕಿಕೊಂಡ ಅಂಗಿಯ ಬಗ್ಗೆ ಬರೆಯುತ್ತಿದ್ದೇನೆ. ಚಂದ್ರನಿಗೂ ನಮ್ಮ ಕಮಠಾಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮೊದಲು ನನಗೂ ಹಾಗೇ ಅನಿಸಿತ್ತು. ಹಾಳೆ ಸಾಲದೆ ಅಕ್ಷರ ಸಣ್ಣಗೆ ಬರೆದಿದ್ದೇನೆ. ದಯವಿಟ್ಟು ಹತ್ತಿರ ಬಂದು ಪೂರ್ತಿ ಓದಿರಿ.

ಒಂದು ದಿನ ವಿಜ್ಞಾನದ ಪಿರಿಯಡ್‌ನಲ್ಲಿ ಸರ್ ಒಂದು ದೊಡ್ಡ ಚಿತ್ರ ತಂದು ಹಲಗೆಯ ಮೇಲೆ ಅಂಟಿಸಿದರು. ಅದು 1969ರ ಜುಲೈ ತಿಂಗಳಲ್ಲಿ ಚಂದ್ರನ ಮೇಲೆ ತೆಗೆದ ಚಿತ್ರ. ಅದರಲ್ಲಿ ನಿಂತವರು ಆಲ್ಡ್ರಿನ್. ಚಿತ್ರ ತೆಗೆದವರು ಆರ್ಮ್‌ಸ್ಟ್ರಾಂಗ್. ಆಲ್ಡ್ರಿನ್ ಅವರ ಮುಖದ ಗಾಜಿನಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಪ್ರತಿಬಿಂಬ ಸಣ್ಣದಾಗಿ ಕಾಣುತ್ತದೆ. ಮೈತುಂಬ ಬಿಳಿ ದಪ್ಪ ಅಂಗಿ, ಕೈಗೆ ಕೈಗವಸು, ಕಾಲಿಗೆ ದೊಡ್ಡ ಬೂಟು, ಬೆನ್ನ ಮೇಲೆ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ನೋಡಿದ ಕೂಡಲೇ ನನ್ನ ಬಾಯಿಂದ ಮಾತು ಬಂದುಬಿಟ್ಟಿತು. "ಸರ್, ಇವ್ರು ತೊಗರಿಗಿ ಔಷಧ ಹೊಡಿಲಾಕ ಹೊಂಟಾರೇನ್ರಿ?" ಎಂದೆ.

ಇಡೀ ಕ್ಲಾಸು ನಕ್ಕಿತು. ಹಿಂದಿನ ಸಾಲಿನ ಹುಡುಗರು ಬೆಂಚು ಬಡಿದು ನಕ್ಕರು. ನನಗೆ ಬಹಳ ನಾಚಿಕೆಯಾಯಿತು. ಆದರೆ ಸರ್ ನಗಲಿಲ್ಲ. "ಆಕಿ ತಪ್ಪು ಹೇಳಿಲ್ಲ. ಇವರ ಬೆನ್ನ ಮೇಲಿನ ಪೆಟ್ಟಿಗ್ಯಾಗ ಏನದ, ಔಷಧ ಹೊಡೆಯೋರ ಪಂಪಿನ್ಯಾಗ ಏನದ, ಎರಡೂ ತಿಳ್ಕೊಂಡು ಗೋಡೆ ಪತ್ರಿಕೆಗೆ ಬರಿ" ಎಂದರು. ಅದಕ್ಕೇ ಈ ಲೇಖನ.

ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ಹೋದ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಹೊಲದ ತೊಗರಿ ಹೂವು ಬಿಟ್ಟಿತ್ತು. ಆ ಹೊತ್ತಿಗೆ ಕಾಯಿಕೊರಕ ಹುಳ ಬೀಳುತ್ತದೆ ಎಂದು ಒಕ್ಕಲುತನದ ಮನೆಯ ನಿಮಗೆಲ್ಲ ಗೊತ್ತು. ನಮ್ಮ ಕಾಕಾ ಬರಿಗೈಯಿಂದ ಔಷಧ ಕಲಸಿ, ಪಂಪು ಬೆನ್ನಿಗೆ ಹಾಕಿಕೊಂಡು, ಬನಿಯನ್ ಮೇಲೆಯೇ ಹೋದರು. ಬಾಯಿಗೆ ಒಂದು ಟವೆಲ್ ಸುತ್ತಿಕೊಂಡಿದ್ದರು, ಅಷ್ಟೇ. ತೊಗರಿ ಆಳೆತ್ತರ ಬೆಳೆದಿತ್ತು. ಕೋಲು ಮೇಲೆ ಎತ್ತಿ ಹೊಡೆದರೆ ಔಷಧ ಗಾಳಿಗೆ ತಿರುಗಿ ಮುಖದ ಮೇಲೆಯೇ ಬೀಳುತ್ತದೆ. ಮಧ್ಯಾಹ್ನದ ತನಕ ಹೊಡೆದರು. ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕುಂತು, "ಕಣ್ಣಿಗಿ ಮಂಜು ಕವದಂಗ ಆಗ್ಲತ್ತದ" ಎಂದರು. ಆಮೇಲೆ ವಾಂತಿ ಶುರುವಾಯಿತು. ಬಾಯಿಂದ ಜೊಲ್ಲು, ಮೈತುಂಬ ಬೆವರು. ಅಪ್ಪ ಆಟೋ ತರಿಸಿ ಬೀದರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಾಕಾ ಮೂರು ದಿನ ಅಲ್ಲೇ ಇದ್ದರು. ಆ ಮೂರು ದಿನ ಕಾಕಿ ಊಟ ಮಾಡಲಿಲ್ಲ. ಅವರ ಸಣ್ಣ ಮಗ ರಾತ್ರಿ ನನ್ನ ಹತ್ತಿರವೇ ಮಲಗುತ್ತಿದ್ದ, "ಅಪ್ಪ ಎಂದ ಬರ್ತಾನ?" ಎಂದು ಕೇಳುತ್ತಿದ್ದ.

ಹೀಗಾಗಿ ಬೆನ್ನ ಮೇಲಿನ ಪೆಟ್ಟಿಗೆ ನೋಡಿದರೆ ನನಗೆ ಕಾಕಾನ ನೆನಪೇ ಮೊದಲು ಬರುತ್ತದೆ. ಈಗ ಚಂದ್ರನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಅಂಗಿ ಬೇಕಾಗುವುದಕ್ಕೆ ಕಾರಣಗಳು ಬಹಳ ಇವೆ. ಒಂದೊಂದಾಗಿ ಬರೆಯುತ್ತೇನೆ.

ಒಂದನೆಯ ಕಾರಣ, ಚಂದ್ರನ ಮೇಲೆ ಗಾಳಿ ಇಲ್ಲ. ಇದನ್ನು ಸರ್ ಹೇಳಿದ ಕೂಡಲೇ ನಮ್ಮ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. ಅವನು ಬಾವಿಯಲ್ಲಿ ಮುಳುಗಿ ನೂರು ಎಣಿಸುವ ತನಕ ಮೇಲೆ ಬರುವುದಿಲ್ಲ. "ಸರ್, ನಾ ಉಸರ ಹಿಡಕೊಂಡು ನೂರು ಎಣಸೋತನ ಚಂದ್ರನ ಮ್ಯಾಲ ಓಡ್ಯಾಡಿ ಬರ್ತೀನ್ರಿ" ಎಂದ. ಸರ್ ಹೇಳಿದರು, ಹದಿನೈದು ಎಣಿಸುವುದರೊಳಗೆ ನೀನು ಕೆಳಗೆ ಬಿದ್ದಿರುತ್ತಿ ಎಂದು.

ಅದು ಹೇಗೆಂದರೆ, ಬಾವಿಯ ನೀರಿನಲ್ಲಿ ಉಸಿರು ಹಿಡಿದರೆ ಎದೆಯೊಳಗಿನ ಗಾಳಿ ಒಳಗೇ ಉಳಿಯುತ್ತದೆ. ಹೊರಗಿನ ನೀರು ಅದನ್ನು ಒತ್ತಿ ಹಿಡಿದಿರುತ್ತದೆ. ಚಂದ್ರನ ಮೇಲೆ ಹೊರಗೆ ಒತ್ತುವಂಥದ್ದು ಏನೂ ಇಲ್ಲ. ಎದೆಯೊಳಗಿನ ಗಾಳಿ ಉಬ್ಬುತ್ತದೆ, ಹಟದಿಂದ ಹಿಡಿದರೆ ಪುಪ್ಪುಸ ಹರಿದು ಹೋಗುತ್ತದೆ. ಬಿಟ್ಟರೆ ರಕ್ತದಲ್ಲಿದ್ದ ಆಮ್ಲಜನಕವೂ ಹೊರಗೆ ಹೋಗುತ್ತದೆ. ಅಂಥ ರಕ್ತ ಹತ್ತು ಹದಿನೈದು ಸೆಕೆಂಡಿನಲ್ಲಿ ಮೆದುಳಿಗೆ ಮುಟ್ಟುತ್ತದೆ, ಮನುಷ್ಯ ಎಚ್ಚರ ತಪ್ಪುತ್ತಾನೆ.

ಇದು ಸುಮ್ಮನೆ ಹೇಳುವ ಮಾತಲ್ಲ. 1966ರ ಡಿಸೆಂಬರ್‌ನಲ್ಲಿ ಅಮೆರಿಕದ ಹೂಸ್ಟನ್‌ನಲ್ಲಿ ಗಾಳಿಯನ್ನೆಲ್ಲ ಎಳೆದು ತೆಗೆದ ಒಂದು ಕೋಣೆಯಲ್ಲಿ ಚಂದ್ರನ ಅಂಗಿಯನ್ನು ಪರೀಕ್ಷೆ ಮಾಡುತ್ತಿದ್ದರು. ಒಳಗೆ ಅಂಗಿ ಹಾಕಿಕೊಂಡು ನಿಂತವರು ಜಿಮ್ ಲೆಬ್ಲಾಂಕ್. ಗಾಳಿ ಬರುವ ಪೈಪು ಒಮ್ಮೆಲೆ ಕಳಚಿಕೊಂಡಿತು. ಸುಮಾರು 14 ಸೆಕೆಂಡಿನಲ್ಲಿ ಅವರು ಹಿಂದಕ್ಕೆ ಬಿದ್ದರು. ಹೊರಗಿದ್ದವರು ಬೇಗ ಬೇಗ ಕೋಣೆಗೆ ಗಾಳಿ ಬಿಟ್ಟರು. ಅವರು ಬದುಕಿದರು. ಎಚ್ಚರ ತಪ್ಪುವ ಮೊದಲು ನಾಲಿಗೆಯ ಮೇಲಿನ ಉಗುಳು ಗುಳುಗುಳು ಎಂದು ಕುದಿಯುತ್ತಿದ್ದುದೇ ತಮಗೆ ಕೊನೆಗೆ ನೆನಪಿದೆ ಎಂದು ಆಮೇಲೆ ಹೇಳಿದರು.

ಈ ಸಂಗತಿಯನ್ನು ನಾನು ಮನೆಯಲ್ಲಿ ಮುತ್ಯಾನಿಗೆ ಹೇಳಿದೆ. ಮುತ್ಯಾ ಶಾಲೆಗೆ ಹೋದವರಲ್ಲ. ಆದರೆ ಕೇಳಿ ಆಶ್ಚರ್ಯಪಡಲಿಲ್ಲ. "ನಾವು ಹಳೀ ಬಾವ್ಯಾಗ ಹೂಳ ತೆಗೀಲಾಕ ಇಳಿಯೋ ಮುಂದ ಮೊದಲ ಕಂದೀಲು ಹಚ್ಚಿ ಹಗ್ಗಕ್ಕ ಕಟ್ಟಿ ಬಿಡ್ತಿದ್ವಿ. ಕಂದೀಲು ಆರಿದ್ರ ಎಂಥಾ ಗಟ್ಟಿ ಆಳೂ ಇಳೀತಿರ್ಲಿಲ್ಲ. ಅಲ್ಲಿ ಕೆಟ್ಟ ಗಾಳಿ ಇರ್ತದ. ಆ ಜಾಗಾ ನಿನ್ನ ರಟ್ಟಿ ನೋಡಂಗಿಲ್ಲ" ಎಂದರು. ನನಗೆ ಆ ಮಾತು ಬಹಳ ಸರಿ ಅನಿಸಿತು. ಮನುಷ್ಯ ಎಷ್ಟು ಗಟ್ಟಿ ಇದ್ದಾನೆ ಎಂದು ಜಾಗ ನೋಡುವುದಿಲ್ಲ. ಜಾಗ ಹೇಗಿದೆ ಎಂದು ಮನುಷ್ಯನೇ ನೋಡಬೇಕು.

ಎರಡನೆಯ ಕಾರಣ, ಒತ್ತಡ. ನಮ್ಮ ಮೇಲೆ ಗಾಳಿ ಸದಾ ಒತ್ತುತ್ತಿರುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಎಲ್ಲ ಕಡೆಯಿಂದ ಸಮವಾಗಿ ಒತ್ತುವುದರಿಂದ, ಮೈಯೊಳಗಿಂದಲೂ ಅಷ್ಟೇ ಒತ್ತಡ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಈ ಒತ್ತಡ ತೆಗೆದರೆ ಏನಾಗುತ್ತದೆ ಎಂದು ಸರ್ ಒಂದು ಪ್ರಯೋಗ ಮಾಡಿ ತೋರಿಸಿದರು. ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ಸ್ವಲ್ಪ ಬಿಸಿನೀರು ತೆಗೆದುಕೊಂಡರು. ನೀರು ಬಿಸಿ ಇತ್ತು, ಆದರೆ ಕುದಿಯುತ್ತಿರಲಿಲ್ಲ. ಒಳಗಿನ ಗಾಳಿ ಹೊರಗೆ ಹಾಕಿ, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಂದಿನ ದಂಟನ್ನು ಜೋರಾಗಿ ಎಳೆದರು. ನೀರಿನಲ್ಲಿ ಗುಳ್ಳೆ ಗುಳ್ಳೆ ಎದ್ದು ಕುದಿಯಿತು! ಒಲೆ ಇಲ್ಲ, ಬೆಂಕಿ ಇಲ್ಲ. ದಂಟು ಬಿಟ್ಟ ಕೂಡಲೇ ಕುದಿಯುವುದು ನಿಂತಿತು. ಎಲ್ಲರೂ ಸರತಿಯಲ್ಲಿ ಬಂದು ಮಾಡಿ ನೋಡಿದೆವು.

ಇದರ ಅರ್ಥ, ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಕುಕ್ಕರಿನಲ್ಲಿ ಇದರ ಉಲ್ಟಾ ಆಗುತ್ತದೆ. ಭೂಮಿಯಿಂದ ಸುಮಾರು 19 ಕಿಲೋಮೀಟರ್ ಮೇಲೆ ಹೋದರೆ ನಮ್ಮ ಮೈಬಿಸಿ, ಅಂದರೆ 37 ಡಿಗ್ರಿ ಸೆಲ್ಸಿಯಸ್, ಅಷ್ಟಕ್ಕೇ ನೀರು ಕುದಿಯುತ್ತದೆ. ಚಂದ್ರನ ಮೇಲಂತೂ ಒತ್ತಡವೇ ಇಲ್ಲ. ಕಣ್ಣಿನ ನೀರು, ಬಾಯಿಯ ನೀರು ಆವಿಯಾಗುತ್ತವೆ, ಮೈ ಬಾಯುತ್ತದೆ. ಬೀದರ್ ವಾಯುಪಡೆ ನಿಲ್ದಾಣದಿಂದ ಏಳುವ ವಿಮಾನಗಳು ದಿನಾ ನಮ್ಮ ಕಡೆ ಹಾರುವುದನ್ನು ನಾವು ನೋಡುತ್ತೇವೆ. ಆ ಪೈಲಟ್‌ಗಳು ಅಷ್ಟು ಎತ್ತರ ಹೋಗುವುದಿಲ್ಲ. ಆದರೂ ಅವರು ಹೆಲ್ಮೆಟ್ ಮತ್ತು ಆಮ್ಲಜನಕದ ಮುಖವಾಡ ಹಾಕಿಕೊಂಡೇ ಕೂಡುತ್ತಾರೆ.

ಚಂದ್ರನ ಅಂಗಿಯೊಳಗೆ ಬರೀ ಆಮ್ಲಜನಕ ತುಂಬುತ್ತಾರೆ. ಅದರ ಒತ್ತಡ ಭೂಮಿಯ ಒತ್ತಡದ ಸುಮಾರು ಕಾಲು ಭಾಗ ಮಾತ್ರ. ಅಷ್ಟೇ ಸಾಕಾಗುತ್ತದೆಯೇ ಎಂದು ನಾನು ಕೇಳಿದೆ. ನಮ್ಮ ಗಾಳಿಯಲ್ಲಿ ಆಮ್ಲಜನಕ ಇರುವುದು ಐದರಲ್ಲಿ ಒಂದು ಪಾಲು ಅಷ್ಟೇ, ಉಳಿದದ್ದು ಹೆಚ್ಚಾಗಿ ಸಾರಜನಕ, ಆದ್ದರಿಂದ ಬರೀ ಆಮ್ಲಜನಕ ಕೊಟ್ಟರೆ ಕಡಿಮೆ ಒತ್ತಡವೂ ನಡೆಯುತ್ತದೆ ಎಂದು ಸರ್ ತಿಳಿಸಿದರು. ಜಾಸ್ತಿ ತುಂಬಿದರೆ ಅಂಗಿ ಗಾಳಿ ತುಂಬಿದ ಟ್ಯೂಬಿನಂತೆ ಬಿರುಸಾಗುತ್ತದೆ, ಕೈಕಾಲು ಮಡಚಲು ಬರುವುದಿಲ್ಲ. 1965ರ ಮಾರ್ಚ್ 18ರಂದು ರಷ್ಯಾದ ಲಿಯೋನೊವ್ ಎಲ್ಲರಿಗಿಂತ ಮೊದಲು ಬಾಹ್ಯಾಕಾಶದಲ್ಲಿ ನೌಕೆಯಿಂದ ಹೊರಗೆ ಬಂದಾಗ ಹೀಗೇ ಆಯಿತು. ಅಂಗಿ ಉಬ್ಬಿ ಒಳಗೆ ಹೋಗಲು ಬರಲಿಲ್ಲ. ಧೈರ್ಯ ಮಾಡಿ ಅಂಗಿಯ ಗಾಳಿಯನ್ನು ಸ್ವಲ್ಪ ಸ್ವಲ್ಪ ಬಿಟ್ಟು ಒಳಗೆ ಸೇರಿದರು. ಅದಕ್ಕೇ ಚಂದ್ರನ ಅಂಗಿಯ ಮೊಣಕೈ, ಮೊಣಕಾಲಿನ ಹತ್ತಿರ ರಬ್ಬರಿನ ನಿರಿಗೆಗಳನ್ನು ಇಟ್ಟಿದ್ದರು. ನಮ್ಮ ಭಜನೆಯ ಹಾರ್ಮೋನಿಯಂ ತಿದಿ ಹೇಗೆ ಮಡಚಿ ಬಿಚ್ಚುತ್ತದೆಯೋ ಹಾಗೆ.

ಅಂಗಿ ಇಲ್ಲದೆ ಹೋಗಿ ಜೀವ ಕಳೆದುಕೊಂಡವರೂ ಇದ್ದಾರೆ. 1971ರ ಜೂನ್ 30ರಂದು ಸೋಯುಜ್ 11 ನೌಕೆಯಲ್ಲಿ ಡೊಬ್ರೊವೊಲ್ಸ್ಕಿ, ವೋಲ್ಕೊವ್, ಪಟ್ಸಾಯೆವ್ ಎಂಬ ಮೂವರು ಭೂಮಿಗೆ ಮರಳುತ್ತಿದ್ದರು. ನೌಕೆಯಲ್ಲಿ ಮೂವರು ಕೂಡಬೇಕೆಂದರೆ ಅಂಗಿಗೆ ಜಾಗ ಸಾಲುತ್ತಿರಲಿಲ್ಲ. ಆದ್ದರಿಂದ ಅವರು ಒತ್ತಡದ ಅಂಗಿ ಹಾಕಿಕೊಂಡಿರಲಿಲ್ಲ. ಇನ್ನೂ ಬಹಳ ಮೇಲೆ ಇರುವಾಗಲೇ ಒಂದು ಸಣ್ಣ ವಾಲ್ವ್ ತೆರೆದುಕೊಂಡು ಗಾಳಿಯೆಲ್ಲ ಹೊರಗೆ ಹೋಯಿತು. ನೌಕೆ ಸರಿಯಾಗಿ ನೆಲಕ್ಕೆ ಇಳಿಯಿತು. ಬಾಗಿಲು ತೆಗೆದು ನೋಡಿದರೆ ಮೂವರೂ ತೀರಿಕೊಂಡಿದ್ದರು. ಅಲ್ಲಿಂದ ಮುಂದೆ ಅವರು ಇಬ್ಬರನ್ನೇ ಕೂಡಿಸಿ, ಇಬ್ಬರಿಗೂ ಅಂಗಿ ಹಾಕಿಸಿದರು. ಇದನ್ನು ಕೇಳಿದಾಗ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ನೌಕೆಯ ಒಳಗೆ ಹಾಕುವ ಅಂಗಿ ಬೇರೆ, ಚಂದ್ರನ ಮೇಲೆ ಓಡಾಡುವ ಅಂಗಿ ಬೇರೆ. 2025ರ ಜೂನ್‌ನಲ್ಲಿ ಬಾಹ್ಯಾಕಾಶಕ್ಕೆ ಹೋದ ನಮ್ಮ ಶುಭಾಂಶು ಶುಕ್ಲಾ ಅವರು ಹಾಕಿಕೊಂಡದ್ದು ನೌಕೆಯ ಒಳಗಿನ ಅಂಗಿ. ಅದು ತೆಳು. ಚಂದ್ರನ ಅಂಗಿ ಇನ್ನೂ ಬಹಳ ಕೆಲಸ ಮಾಡಬೇಕಾಗುತ್ತದೆ.

ಮೂರನೆಯ ಕಾರಣ, ಬಿಸಿಲು ಮತ್ತು ಚಳಿ. ನಮ್ಮ ಬೀದರ್ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೆ ಮಧ್ಯಾಹ್ನ ನಾಯಿ ಸಹ ಓಣಿಯಲ್ಲಿ ಕಾಣುವುದಿಲ್ಲ. ಚಂದ್ರನ ಮೇಲೆ ನಡುಹಗಲಿನಲ್ಲಿ ನೆಲ ಸುಮಾರು 120 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆ. ರಾತ್ರಿ ಸೊನ್ನೆಗಿಂತ 130 ಡಿಗ್ರಿ ಕೆಳಗೆ, ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅಲ್ಲಿನ ಒಂದು ಹಗಲು ನಮ್ಮ ಸುಮಾರು 14 ದಿನ, ಒಂದು ರಾತ್ರಿಯೂ ಅಷ್ಟೇ. ಬಿಸಿಯನ್ನು ಹಂಚಲು ಅಲ್ಲಿ ಗಾಳಿ ಇಲ್ಲ, ಮೋಡ ಇಲ್ಲ. ಬಿಸಿಲಿಗೆ ಇದ್ದದ್ದು ಸುಡುತ್ತದೆ, ನೆರಳಿಗೆ ಇದ್ದದ್ದು ಕೊರೆಯುತ್ತದೆ.

ಇದನ್ನು ನಮ್ಮ ದೇಶದ ಯಂತ್ರವೇ ಅಳೆದು ಹೇಳಿದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣದ ಕಡೆ ಇಳಿದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೆವು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಕುಂತವರು ಎದ್ದು ಚಪ್ಪಾಳೆ ಹೊಡೆದಾಗ ನಮ್ಮ ಮನೆಯಲ್ಲಿಯೂ ಹೊಡೆದೆವು. ಆ ವಿಕ್ರಮ್ ಒಂದು ಕಡ್ಡಿಯಂಥ ಸಾಧನವನ್ನು ಮಣ್ಣಿನೊಳಗೆ ಇಳಿಸಿ ಬಿಸಿ ಅಳೆಯಿತು. ಅದರ ಹೆಸರು ಚಾಸ್ಟೆ. ಮೇಲಿನ ಮಣ್ಣು 50 ಡಿಗ್ರಿಗಿಂತ ಹೆಚ್ಚು ಕಾದಿತ್ತು. ಬರೀ 8 ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ಇತ್ತು. ಸ್ಕೇಲ್ ಇಟ್ಟು ನೋಡಿರಿ, 8 ಸೆಂಟಿಮೀಟರ್ ಅಂದರೆ ನನ್ನ ಒಂದು ಬೆರಳಿನಷ್ಟು ಉದ್ದ. ಮೇಲೆ ಬಿಸಿಲು, ಒಂದು ಬೆರಳು ಕೆಳಗೆ ಮಂಜುಗಡ್ಡೆಗಿಂತ ತಂಪು! ವಿಕ್ರಮ್‌ಗೆ ಉಸಿರು ಬೇಡ, ರಕ್ತ ಇಲ್ಲ. ಆದರೂ ಅದಕ್ಕೆ ಬಂಗಾರದ ಬಣ್ಣದ ಹೊದಿಕೆ ಸುತ್ತಿ ಕಳಿಸಿದ್ದರು. ಅಷ್ಟಾದರೂ ಅಲ್ಲಿನ ಒಂದು ರಾತ್ರಿಯ ಚಳಿ ಕಳೆದ ಮೇಲೆ ಅದು ಮತ್ತೆ ಏಳಲಿಲ್ಲ. ಯಂತ್ರದ ಗತಿಯೇ ಹೀಗಾದರೆ ಮನುಷ್ಯನ ಗತಿ ಏನು?

ಚಂದ್ರನ ಅಂಗಿ ಅನೇಕ ಪದರಗಳ ಕೌದಿ ಇದ್ದಂತೆ. ಹೊರಗಿನ ಬಿಸಿ ಒಳಗೆ ಬರುವುದಿಲ್ಲ. ಆದರೆ ಅದರಿಂದ ಇನ್ನೊಂದು ತೊಂದರೆ ಆಗುತ್ತದೆ. ಒಳಗಿನ ಬಿಸಿಯೂ ಹೊರಗೆ ಹೋಗುವುದಿಲ್ಲ. ಕೆಲಸ ಮಾಡಿದರೆ ಮೈ ಕಾಯುತ್ತದೆ. ಥರ್ಮಾಸಿನಲ್ಲಿ ಚಹಾ ಇಟ್ಟಂತೆ ಮನುಷ್ಯ ಒಳಗೇ ಬೇಯುತ್ತಾನೆ. ಅದಕ್ಕಾಗಿ ಅವರು ಎಲ್ಲಕ್ಕಿಂತ ಒಳಗೆ ಒಂದು ಅಂಗಿ ಹಾಕುತ್ತಾರೆ. ಅದರ ತುಂಬ ಸಣ್ಣ ಸಣ್ಣ ನಳಿಗೆಗಳು, ಅವುಗಳಲ್ಲಿ ತಣ್ಣೀರು ಹರಿಯುತ್ತದೆ. ಆ ನೀರು ಮೈಯ ಬಿಸಿಯನ್ನು ಹೊತ್ತು ಬೆನ್ನ ಪೆಟ್ಟಿಗೆಗೆ ಒಯ್ಯುತ್ತದೆ. ಪೆಟ್ಟಿಗೆಯಲ್ಲಿ ಬೇರೆ ಸ್ವಲ್ಪ ನೀರು ಮಂಜುಗಡ್ಡೆಯಾಗಿ, ಆವಿಯಾಗಿ ಹೊರಗೆ ಹಾರಿ ಹೋಗುತ್ತದೆ, ಹೋಗುವಾಗ ಬಿಸಿಯನ್ನೂ ಒಯ್ಯುತ್ತದೆ. ನಮ್ಮ ಮನೆಯ ರಂಜಣಗಿಯ ನೀರು ತಂಪಾಗುವುದೂ ಇದೇ ಥರ. ಮಣ್ಣಿನ ಸಣ್ಣ ತೂತಿನಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಅಂದರೆ ಆಲ್ಡ್ರಿನ್ ಬೆನ್ನ ಮೇಲೆ ಒಂದು ರಂಜಣಗಿಯೂ ಇತ್ತು ಎಂದು ನಾನು ತಿಳಿದುಕೊಂಡೆ.

ನಾಲ್ಕನೆಯ ಕಾರಣ, ಬೆಳಕು, ಕಲ್ಲು ಮತ್ತು ದೂಳು. ನಮ್ಮ ಸುತ್ತಲಿನ ಗಾಳಿ ಸೂರ್ಯನ ಕೆಟ್ಟ ಕಿರಣಗಳನ್ನು ಬಹಳಷ್ಟು ತಡೆಯುತ್ತದೆ. ಅಲ್ಲಿ ತಡೆಯುವವರಿಲ್ಲ. ಆದ್ದರಿಂದ ಹೆಲ್ಮೆಟ್ಟಿನ ಹೊರಗಿನ ಗಾಜಿಗೆ ತೆಳುವಾಗಿ ಬಂಗಾರ ಲೇಪಿಸಿರುತ್ತಾರೆ. ಚಿತ್ರದಲ್ಲಿ ಅವರ ಮುಖ ಕಾಣದಿರುವುದು ಅದಕ್ಕೇ. ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಚುಕ್ಕಿ ಬೀಳುವುದನ್ನು ನೋಡುತ್ತೇವಲ್ಲ, ಅವು ಚುಕ್ಕಿಗಳಲ್ಲ, ಸಣ್ಣ ಕಲ್ಲಿನ ಕಣಗಳು. ನಮ್ಮ ಗಾಳಿಗೆ ತಿಕ್ಕಿ ಮೇಲೆಯೇ ಉರಿದು ಹೋಗುತ್ತವೆ. ಚಂದ್ರನ ಮೇಲೆ ಉರಿಯುವುದಿಲ್ಲ, ಗುಂಡಿಗಿಂತ ಜೋರಾಗಿ ಬಂದು ನೇರ ಬೀಳುತ್ತವೆ. ಅಲ್ಲಿನ ದೂಳೂ ನಮ್ಮ ಕೆಂಪು ಮಣ್ಣಿನ ದೂಳಿನಂತಲ್ಲ. ಮಳೆ ಗಾಳಿಗೆ ಸವೆಯದೆ ಒಡೆದ ಗಾಜಿನ ಪುಡಿಯಂತೆ ಚೂಪಾಗಿರುತ್ತದೆ, ಅಂಗಿಗೆ ಅಂಟಿಕೊಳ್ಳುತ್ತದೆ. 1972ರ ಡಿಸೆಂಬರ್‌ನಲ್ಲಿ ಅಪೋಲೋ 17ರಲ್ಲಿ ಹೋದ ಶ್ಮಿಟ್ ಅವರಿಗೆ ಅಂಗಿ ಬಿಚ್ಚಿದ ಮೇಲೆ ಆ ದೂಳಿನಿಂದ ಮೂಗು ಕಟ್ಟಿತ್ತು. 1969ರಿಂದ 1972ರ ತನಕ ಚಂದ್ರನ ಮೇಲೆ ನಡೆದವರು ಒಟ್ಟು 12 ಜನ. ಹನ್ನೆರಡೂ ಜನ ಜೀವಂತ ಮರಳಿ ಬಂದರು. ಅದರಲ್ಲಿ ಅಂಗಿಯ ಪಾಲೂ ದೊಡ್ಡದು.

ಆ ಅಂಗಿಯನ್ನು ಯಾರು ಹೊಲಿದರು ಗೊತ್ತೇ? ಅಮೆರಿಕದ ಒಂದು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಂತ ಹೆಣ್ಣುಮಕ್ಕಳು. ಹೊಲಿಗೆ ಕೂದಲೆಳೆಯಷ್ಟು ಆಚೆ ಈಚೆ ಹೋದರೂ ನಡೆಯುತ್ತಿರಲಿಲ್ಲ. ಬಟ್ಟೆಗೆ ಚುಚ್ಚಿದ ಗುಂಡುಪಿನ್ನು ಒಳಗೆ ಉಳಿದಿದೆಯೇ ಎಂದು ಅಂಗಿಯ ಎಕ್ಸ್‌ರೇ ತೆಗೆದು ನೋಡುತ್ತಿದ್ದರು. ಒಂದು ಪಿನ್ನು ಉಳಿದರೆ ಒಂದು ತೂತು, ಒಂದು ತೂತಾದರೆ ಒಂದು ಜೀವ. ನಮ್ಮ ಅವ್ವ ಮನೆಯಲ್ಲಿ ಜಂಪರ್ ಹೊಲಿಯುತ್ತಾಳೆ. ಇದನ್ನು ಹೇಳಿದಾಗ ಅವ್ವ ಮಷಿನ್ ನಿಲ್ಲಿಸಿ, "ಹೊಲಿಯೋರು ಹೆಣ್ಮಕ್ಕಳಾ?" ಎಂದು ಎರಡು ಸಲ ಕೇಳಿದಳು. ಆ ಅಂಗಿ ಮತ್ತು ಬೆನ್ನ ಪೆಟ್ಟಿಗೆ ಸೇರಿ ಭೂಮಿಯ ಮೇಲೆ 80 ಕಿಲೋಗಿಂತ ಹೆಚ್ಚು ತೂಗುತ್ತಿತ್ತು, ಅಂದರೆ ಒಂದು ಜೋಳದ ಚೀಲದಷ್ಟು. ಚಂದ್ರನ ಮೇಲೆ ತೂಕ ಆರರಲ್ಲಿ ಒಂದು ಪಾಲಾಗುವುದರಿಂದ ಹೊತ್ತು ನಡೆಯಲು ಬಂತು.

ಈಗ ಸರ್ ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಆಲ್ಡ್ರಿನ್ ಅವರ ಬೆನ್ನ ಮೇಲಿನ ಪೆಟ್ಟಿಗೆಯಲ್ಲಿ ಆಮ್ಲಜನಕ ಇತ್ತು, ನೀರು ಇತ್ತು, ಬಿಟ್ಟ ಉಸಿರಿನ ಕೆಟ್ಟ ಗಾಳಿಯನ್ನು ಹೀರುವ ಡಬ್ಬಿ ಇತ್ತು, ಮಾತಾಡಲು ರೇಡಿಯೋ ಇತ್ತು. ನಮ್ಮೂರಿನಲ್ಲಿ ನಮಗೆ ಪುಕ್ಕಟೆ ಸಿಗುವ ಗಾಳಿ, ತಂಪು, ನೆರಳು ಎಲ್ಲವನ್ನೂ ಅವರು ಬೆನ್ನ ಮೇಲೆ ಹೊತ್ತುಕೊಂಡು ಹೋಗಿದ್ದರು. ನಮ್ಮ ಕಾಕಾನ ಬೆನ್ನ ಮೇಲಿನ ಪಂಪಿನಲ್ಲಿ ವಿಷ ಇತ್ತು. ಜೀವ ಉಳಿಸುವ ಪೆಟ್ಟಿಗೆ ಹೊತ್ತವರು ಮೈತುಂಬ ಮುಚ್ಚಿಕೊಂಡಿದ್ದರು. ವಿಷ ಹೊತ್ತ ನಮ್ಮ ಕಾಕಾ ಬನಿಯನ್ ಮೇಲೆ ಇದ್ದರು. ಇದನ್ನು ಬರೆಯುವಾಗ ನನಗೆ ಕಣ್ಣಲ್ಲಿ ನೀರು ಬಂತು.

ಬರೆದದ್ದನ್ನು ಕಾಕಾನಿಗೆ ಓದಿ ಹೇಳಿದೆ. ಕಾಕಾ ನಕ್ಕು, "ಏ ಹುಚ್ಚಿ, ನಾ ಏನ್ ಚಂದ್ರನ ಮ್ಯಾಲ ಹೊಂಟೀನೇನು? ಇಷ್ಟು ವರ್ಷ ಹೊಡದೀನಿ" ಎಂದರು. ಕಟ್ಟೆಯ ಮೇಲಿದ್ದ ಮುತ್ಯಾ, "ಮೂರು ದಿನ ದವಾಖಾನ್ಯಾಗ ಮಲಗಿದ್ದು ಮರತ್ಯೇನೋ?" ಎಂದರು. ಕಾಕಾ ಸುಮ್ಮನಾದರು. ಕಾಕಿ ಒಳಗಿನಿಂದ, "ಅಕ್ಕಾ, ಅವ್ರಿಗೊಂದು ಅಂಗಿ ಹೊಲಿರಿ" ಎಂದಳು.

ಅವ್ವ ದಪ್ಪ ಬಟ್ಟೆಯ ತುಂಬುತೋಳಿನ ಅಂಗಿ ಹೊಲಿದಳು. ಪಂಪು ಸೋರಿದರೆ ಬೆನ್ನಿಗೆ ಹತ್ತಬಾರದು ಎಂದು ಹಿಂದೆ ಪ್ಲಾಸ್ಟಿಕ್ ಹಚ್ಚಿದಳು. ಅಪ್ಪ ಬೀದರಿನಿಂದ ರಬ್ಬರಿನ ಕೈಗವಸು, ಮುಖಕ್ಕೆ ಮಾಸ್ಕು, ಕಣ್ಣಿಗೆ ದೊಡ್ಡ ಕನ್ನಡಕ ತಂದರು. ಟವೆಲ್ ಸುತ್ತಿದರೆ ಸಾಲದು, ಅದು ಔಷಧದಿಂದ ತೊಯ್ದು ವಿಷವನ್ನು ಮೂಗಿನ ಹತ್ತಿರವೇ ಹಿಡಿದಿಡುತ್ತದೆ. ವಿಷ ಬಾಯಿಂದ ಮಾತ್ರವಲ್ಲ, ಚರ್ಮದಿಂದಲೂ ಮೈಗೆ ಹೋಗುತ್ತದೆ. ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ, ನೋಡಿರಿ. ಕೆಂಪು ಇದ್ದರೆ ಎಲ್ಲಕ್ಕಿಂತ ಹೆಚ್ಚು ವಿಷ. ಆಮೇಲೆ ಹಳದಿ, ಆಮೇಲೆ ನೀಲಿ, ಆಮೇಲೆ ಹಸಿರು. ಹಸಿರು ಇದ್ದರೂ ಅದು ನೀರಲ್ಲ.

ಮೊದಲನೆಯ ದಿನ ಕಾಕಾ ಎಲ್ಲ ಹಾಕಿಕೊಂಡು ಹೋದರು. ಅರ್ಧ ತಾಸಿಗೆ ಅಂಗಿ ಬಿಚ್ಚಿ ಬಂದರು. "ಒಳಗ ಕುದ್ದು ಹೋದೆ" ಎಂದರು. ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ಕಾಕಾನ ತಪ್ಪಲ್ಲ. ಅವ್ವ ಹೊಲಿದ ಅಂಗಿಯಲ್ಲಿ ನೀರಿನ ನಳಿಗೆಗಳಿಲ್ಲ. ಆಗ ನನಗೆ ಸರ್ ಹೇಳಿದ ಇನ್ನೊಂದು ಮಾತು ನೆನಪಾಯಿತು. ಅಪೋಲೋದವರು ಚಂದ್ರನ ನಡುಹಗಲಿಗೆ ಇಳಿಯಲಿಲ್ಲ, ಅಲ್ಲಿನ ಮುಂಜಾನೆಯ ಹೊತ್ತಿಗೆ ಇಳಿದಿದ್ದರು. ಉದ್ದ ನೆರಳಿನಲ್ಲಿ ತಗ್ಗು ದಿನ್ನೆ ಚೆನ್ನಾಗಿ ಕಾಣುತ್ತವೆ, ಬಿಸಿಯೂ ಇನ್ನೂ ಏರಿರುವುದಿಲ್ಲ. "ಕಾಕಾ, ನೀನೂ ಮುಂಜಾನಿ ಹೋಗು" ಎಂದೆ. ಮುತ್ಯಾ ಹೌದೆಂದರು.

ಈಗ ಕಾಕಾ ಬೆಳಿಗ್ಗೆ ಆರಕ್ಕೆ ಹೋಗಿ ಒಂಬತ್ತಕ್ಕೆ ಮುಗಿಸುತ್ತಾರೆ. ಮೊದಲು ಒಂದು ಚಿಟಿಕೆ ಮಣ್ಣು ಮೇಲೆ ತೂರಿ ಗಾಳಿ ಎತ್ತ ಹೊಂಟಿದೆ ಎಂದು ನೋಡಿ, ಗಾಳಿಗೆ ಬೆನ್ನು ಕೊಟ್ಟು ಹೊಡೆಯುತ್ತಾರೆ. ಮನೆಗೆ ಬಂದ ಕೂಡಲೇ ಸಾಬೂನು ಹಚ್ಚಿ ಸ್ನಾನ ಮಾಡುತ್ತಾರೆ. ಅಂಗಿಯನ್ನು ಬೇರೆಯೇ ಒಗೆಯುತ್ತಾರೆ. ಕನ್ನಡಕ ಮಾತ್ರ ಒಮ್ಮೊಮ್ಮೆ ತೆಗೆದುಬಿಡುತ್ತಾರೆ, ಉಸಿರಿಗೆ ಮಂಜು ಕಟ್ಟುತ್ತದೆ ಎಂದು. 1966ರಲ್ಲಿ ಸೆರ್ನನ್ ಎಂಬುವರು ಬಾಹ್ಯಾಕಾಶದಲ್ಲಿ ನೌಕೆಯಿಂದ ಹೊರಗೆ ಬಂದಾಗ ಅವರ ಗಾಜಿಗೂ ಮಂಜು ಕಟ್ಟಿ ಏನೂ ಕಾಣದಂತಾಗಿತ್ತು. ಮುಂದೆ ಮಂಜು ಕಟ್ಟದಂತೆ ಗಾಜಿಗೆ ಔಷಧ ಸವರಿದರು. ಅದೇ ಸೆರ್ನನ್ 1972ರಲ್ಲಿ ಶ್ಮಿಟ್ ಅವರ ಜೊತೆ ಚಂದ್ರನ ಮೇಲೆ ನಡೆದರು. ನಾನು ಕಾಕಾನ ಕನ್ನಡಕಕ್ಕೆ ತೆಳ್ಳಗೆ ಸಾಬೂನು ಹಚ್ಚಿ ಒಣ ಬಟ್ಟೆಯಿಂದ ಒರೆಸಿ ಕೊಡುತ್ತೇನೆ. ಮೊದಲಿಗಿಂತ ಕಡಿಮೆ ಕಟ್ಟುತ್ತದೆ.

ಗೆಳೆಯ ಗೆಳತಿಯರೇ, 2040ರ ಹೊತ್ತಿಗೆ ನಮ್ಮ ದೇಶದವರನ್ನು ಚಂದ್ರನ ಮೇಲೆ ಇಳಿಸಬೇಕೆಂದು ಗುರಿ ಇಟ್ಟಿದ್ದಾರೆ. ಆಗ ನಾವು ದೊಡ್ಡವರಾಗಿರುತ್ತೇವೆ. ನಮ್ಮಲ್ಲಿ ಯಾರಾದರೂ ಹೋಗಬಹುದು, ಇಲ್ಲವೇ ಅವರ ಅಂಗಿ ಹೊಲಿಯಬಹುದು. ಅದು ಮುಂದಿನ ಮಾತು. ಈ ವಾರ ನಿಮ್ಮ ಮನೆಯಲ್ಲಿ ಅಪ್ಪ, ಅಣ್ಣ, ಕಾಕಾ ಯಾರಾದರೂ ಪಂಪು ಬೆನ್ನಿಗೆ ಹಾಕಿಕೊಂಡು ಹೊಂಟರೆ, ಅಂಗಿ ಎಲ್ಲಿ ಎಂದು ಕೇಳಿರಿ. ನಕ್ಕರೂ ಕೇಳಿರಿ. ನನ್ನನ್ನು ನೋಡಿಯೂ ನಕ್ಕಿದ್ದರು.

ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

— ಏಳನೆಯ ತರಗತಿಯ ವಿದ್ಯಾರ್ಥಿನಿ, ಕಮಠಾಣ